ಪ್ರೇರಕ ಭಾಷಣವೂ ಭಾವೀ ಅಧ್ಯಾಪಕನೂ

ವಿದ್ಯಾಸಂಸ್ಥೆಗಳಲ್ಲಿ ಭಾಷಣಗಳಿಗೆ ಬರವಿಲ್ಲ. ಬಸವ ಜಯಂತಿ, ಶಾರದಾ ಪೂಜೆ, ರಾಜ್ಯೋತ್ಸವ, ಶಿಕ್ಷಕರ ದಿನಾಚರಣೆ, ವಾರ್ಷಿಕೋತ್ಸವ, ಬೀಳ್ಕೊಡುಗೆ ಎಂದು ವರ್ಷದಲ್ಲಿ ಹತ್ತಾರು ಸಲ ವೇದಿಕೆ ಸಿದ್ಧವಾಗುತ್ತದೆ, ಗಣ್ಯರು ಆಗಮಿಸುತ್ತಾರೆ, ಹಾರ, ಶಾಲು, ಫಲತಾಂಬೂಲಗಳ ಸತ್ಕಾರವಾಗುತ್ತದೆ, ಅನಂತರ ಸಭೆಯ ಮುಖ್ಯ ಅಂಗವಾದ ಭಾಷಣ. ಈಗಂತೂ ಸಭೆಗೆ ಹೋಗಬೇಕಾದ ಅಗತ್ಯವೂ ಉಳಿದಿಲ್ಲ. ಅಂಗೈಯಗಲದ ಮೊಬೈಲಿನಲ್ಲಿ ಇರುಳು ಹಗಲೆನ್ನದೆ ಸ್ಫೂರ್ತಿಯ ಮಾತುಗಳು ಹರಿಯುತ್ತಿರುತ್ತವೆ. ಅಧ್ಯಾಪಕ ವೃತ್ತಿಗೆ ಅಣಿಯಾಗುತ್ತಿರುವ ತರುಣ ತರುಣಿಯರು ಡಿ.ಇಡಿ. ಅಥವಾ ಬಿ.ಇಡಿ. ತರಬೇತಿಯನ್ನು ಮುಗಿಸುವ ವೇಳೆಗೆ ಇಂತಹ ಎಷ್ಟೋ ಭಾಷಣಗಳನ್ನು ಕೇಳಿರುತ್ತಾರೆ. ಕೇಳಿದ ದಿನ ಮೈ ನವಿರೇಳುತ್ತದೆ. ಚಪ್ಪಾಳೆಯಿಂದ ಸಭಾಂಗಣ ತುಂಬುತ್ತದೆ. ತಾನೂ ಆದರ್ಶ ಗುರುವಾಗಬೇಕೆಂಬ ಸಂಕಲ್ಪ ಹುಟ್ಟುತ್ತದೆ. ವಾರ ಕಳೆಯುವಷ್ಟರಲ್ಲಿ ಭಾಷಣಕಾರರು ಹೇಳಿದ ಒಂದು ಹಾಸ್ಯದ ಮಾತು ಮಾತ್ರ ನೆನಪಿನಲ್ಲಿ ಉಳಿದಿರುತ್ತದೆ.

ಇದರಲ್ಲಿ ಕೇಳುಗರ ದೋಷವೇ ಹೆಚ್ಚೆಂದು ಹೇಳುವಂತಿಲ್ಲ. ಭಾಷಣವನ್ನು ಹೇಗೆ ಕೇಳಬೇಕು, ಕೇಳಿದ್ದರಲ್ಲಿ ಯಾವುದನ್ನು ಮನೆಗೆ ಕೊಂಡೊಯ್ಯಬೇಕು ಎಂಬುದನ್ನು ಯಾರೂ ಕಲಿಸುವುದಿಲ್ಲ. ಬೇರೆ ವೃತ್ತಿಯವರಿಗೆ ಈ ವಿವೇಚನೆ ಇಲ್ಲದಿದ್ದರೂ ನಡೆದೀತು. ಅಧ್ಯಾಪಕನಾಗತಕ್ಕವನಿಗೆ ಅದು ಇಲ್ಲದಿದ್ದರೆ ಕಷ್ಟ. ಏಕೆಂದರೆ ನಾಳೆ ಅವನೇ ದಿನಕ್ಕೆ ಐದಾರು ಗಂಟೆ ಮಾತನಾಡಬೇಕಾದವನು. ಅವನ ಮಾತಿಗೆ ಹಾರವಿಲ್ಲ, ಚಪ್ಪಾಳೆಯಿಲ್ಲ. ಆದರೆ ಅದನ್ನು ನಂಬಿ ಕುಳಿತ ಮಕ್ಕಳಿದ್ದಾರೆ.

ಮೊದಲು ‘ಪ್ರೇರಣೆ’ ಎಂಬ ಶಬ್ದದ ಅರ್ಥವನ್ನು ಗಮನಿಸುವುದು ಉಚಿತ. ‘ಈರ್’ ಎಂಬ ಸಂಸ್ಕೃತ ಧಾತುವಿಗೆ ಚಲಿಸು, ಚಲನೆಗೆ ತೊಡಗಿಸು ಎಂಬ ಅರ್ಥವಿದೆ. ಅದಕ್ಕೆ ‘ಪ್ರ’ ಎಂಬ ಉಪಸರ್ಗ ಸೇರಿ ‘ಪ್ರೇರಣೆ’ ಎಂದಾಯಿತು. ಅಂದರೆ ಇದ್ದಲ್ಲಿಂದ ಮುಂದಕ್ಕೆ ಹೊರಡಿಸುವುದು. ಕಣ್ಣಲ್ಲಿ ನೀರು ತರಿಸುವುದು, ರೋಮಾಂಚನಗೊಳಿಸುವುದು, ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟುವಂತೆ ಮಾಡುವುದು ಇವೆಲ್ಲ ಆವೇಶದ ಲಕ್ಷಣಗಳು. ಆವೇಶವು ಮೈಮೇಲೆ ಬಂದು ಇಳಿದುಹೋಗುತ್ತದೆ. ಪ್ರೇರಣೆ ಕಾಲಿಗೆ ದಾರಿಯನ್ನು ತೋರಿಸುತ್ತದೆ. ಕೇಳಿದ ಮರುದಿನ ಕೇಳುಗನು ಹಿಂದೆ ಮಾಡದಿದ್ದ ಒಂದು ಕೆಲಸವನ್ನು ಮಾಡಲು ತೊಡಗಿದನೋ ಇಲ್ಲವೋ ಎಂಬುದೊಂದೇ ಇವೆರಡನ್ನು ಬೇರ್ಪಡಿಸುವ ಅಳತೆಗೋಲು.

ವ್ಯಾಕರಣವನ್ನು ಓದಿದವರಿಗೆ ಇನ್ನೊಂದು ಸಂಗತಿ ಹೊಳೆಯದಿರದು. ಕನ್ನಡದಲ್ಲಿ ಧಾತುಗಳಿಗೆ ‘ಇಸು’ ಪ್ರತ್ಯಯವು ಸೇರಿದಾಗ ಅವು ಪ್ರೇರಣಾರ್ಥಕಗಳಾಗುತ್ತವೆ. ಮಾಡು ಎಂಬುದು ಮಾಡಿಸು ಎಂದಾಗುತ್ತದೆ. ಓದು ಎಂಬುದು ಓದಿಸು, ಬರೆ ಎಂಬುದು ಬರೆಯಿಸು ಎಂದಾಗುತ್ತದೆ. ಹಾಗೆಯೇ ‘ಕಲಿ’ ಎಂಬ ಧಾತುವಿನಿಂದ ‘ಕಲಿಸು’ ಹುಟ್ಟಿತು. ಅಧ್ಯಾಪಕನ ಇಡೀ ವೃತ್ತಿಗೆ ಹೆಸರು ಕೊಡುವ ಕ್ರಿಯಾಪದವೇ ಪ್ರೇರಣಾರ್ಥಕ! ಮಗು ಪದ್ಯವನ್ನು ಓದಿತು ಎನ್ನುವಾಗ ಕರ್ತೃ ಒಂದೇ. ಗುರುವು ಮಗುವಿನಿಂದ ಪದ್ಯವನ್ನು ಓದಿಸಿದನು ಎನ್ನುವಾಗ ಕರ್ತೃಗಳು ಇಬ್ಬರು. ಗುರುವು ಪ್ರಯೋಜಕ ಕರ್ತೃ, ಮಗುವು ಪ್ರಯೋಜ್ಯ ಕರ್ತೃ. ಓದುವ ಕ್ರಿಯೆ ನಡೆಯುವುದು ಮಾತ್ರ ಮಗುವಿನ ನಾಲಗೆಯ ಮೇಲೆಯೇ. ಗುರುವು ಎಷ್ಟೇ ಸೊಗಸಾಗಿ ಓದಿದರೂ ಮಗು ಓದದಿದ್ದರೆ ಅಲ್ಲಿ ‘ಓದಿಸು’ ಎಂಬ ಪದಕ್ಕೆ ಅರ್ಥವಿಲ್ಲ.

ಭಾಷಣಕ್ಕೂ ಇದೇ ನ್ಯಾಯವು ಅನ್ವಯಿಸುತ್ತದೆ. ವೇದಿಕೆಯ ಮೇಲಿನವರು ಪ್ರಯೋಜಕ ಕರ್ತೃಗಳು. ಕೆಳಗೆ ಕುಳಿತವನು ಕರ್ತೃವಾಗದೆ ಹೋದರೆ ಭಾಷಣವು ವ್ಯಾಕರಣರೀತ್ಯಾ ಅಪೂರ್ಣ. ಪ್ರಾಚೀನರು ಶ್ರವಣ, ಮನನ, ನಿದಿಧ್ಯಾಸನ ಎಂದು ಮೂರು ಮೆಟ್ಟಿಲುಗಳನ್ನು ಹೇಳಿದರು. ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಉಪದೇಶಿಸುವಾಗ ಈ ಕ್ರಮವು ಬರುತ್ತದೆ. ಅಲ್ಲಿಯ ವಿಷಯ ಆತ್ಮವಿದ್ಯೆ. ಆದರೂ ಈ ಕ್ರಮವು ಎಲ್ಲ ವಿದ್ಯೆಗೂ ಸಲ್ಲತಕ್ಕದ್ದು. ಸಭಾಂಗಣದಲ್ಲಿ ಮುಗಿಯುವುದು ಶ್ರವಣ ಮಾತ್ರ. ಮಿಕ್ಕ ಎರಡು ಮೆಟ್ಟಿಲುಗಳನ್ನು ಏರಲು ಭಾಷಣಕಾರರು ಜತೆಗೆ ಬರುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಬೆಳೆಯುವ ಭಾವೀ ಅಧ್ಯಾಪಕನು ಪ್ರೇರಣೆಯನ್ನು ಅರಸಿ ದೂರ ಹೋಗಬೇಕಾಗಿಲ್ಲ. ಈ ನೆಲದಲ್ಲಿ ಹುಟ್ಟಿದ ಅಥವಾ ಬಾಳಿದ ಮೂವರನ್ನು ಉದಾಹರಣೆಯಾಗಿ ಎತ್ತಿಕೊಂಡರೆ ಸಾಕು. ಅವರಲ್ಲಿ ಒಬ್ಬರು ಅಕ್ಷರವನ್ನೇ ಕಲಿಯದ ತಾಯಿ, ಒಬ್ಬರು ಸಾವಿರಾರು ಮಕ್ಕಳನ್ನು ಸಲಹಿದ ಯತಿಗಳು, ಮತ್ತೊಬ್ಬರು ಕನ್ನಡದ ಮೇಷ್ಟರು. ಮೂವರೂ ಸಭೆಗಳಲ್ಲಿ ಮಾತನಾಡಿದವರೇ. ಅವರ ಮಾತಿಗೆ ತೂಕ ಎಲ್ಲಿಂದ ಬಂತು ಎಂಬುದೇ ಇಲ್ಲಿಯ ವಿಚಾರ.

ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ಸಾಲುಮರದ ತಿಮ್ಮಕ್ಕನವರನ್ನು ತಿಳಿಯದವರು ನಾಡಿನಲ್ಲಿ ವಿರಳ. ೨೦೨೫ರ ನವೆಂಬರ್ ೧೪ರಂದು ಅವರು ಕಾಲವಾಗುವವರೆಗೆ ಶಾಲಾ ಕಾಲೇಜುಗಳು ಅವರನ್ನು ಸಮಾರಂಭಗಳಿಗೆ ಕರೆಯುತ್ತಲೇ ಇದ್ದವು. ಅವರ ಭಾಷಣ ದೀರ್ಘವಾದುದೇನೂ ಅಲ್ಲ; ಹಳ್ಳಿಯ ಮಾತಿನಲ್ಲಿ ಗಿಡ ನೆಡಿರೆಂದು, ನೆಟ್ಟದ್ದನ್ನು ಸಾಕಿರೆಂದು ಹೇಳಿ ಕುಳಿತುಕೊಳ್ಳುತ್ತಿದ್ದರು. ಅಲಂಕಾರಶಾಸ್ತ್ರದ ಯಾವ ಗುಣವನ್ನೂ ಆ ಮಾತಿನಲ್ಲಿ ಹುಡುಕುವಂತಿರಲಿಲ್ಲ. ಆದರೂ ಪದವೀಧರರು ಕೈಮುಗಿದು ಕೇಳಿದರು. ಕಾರಣ, ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಎರಡು ಬದಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೂ ನಿಂತ ೩೮೫ ಆಲದ ಮರಗಳು ಅವರ ಭಾಷಣದ ಮೊದಲ ಭಾಗವನ್ನು ಆಗಲೇ ಮುಗಿಸಿಬಿಟ್ಟಿದ್ದವು.

ತಿಮ್ಮಕ್ಕನವರ ಹೆಸರಿನಲ್ಲಿ ಮಾಡುವ ಭಾಷಣಗಳಲ್ಲಿ ಬಹುಮಟ್ಟಿಗೆ ಕೇಳಿಬರುವುದು ಮಕ್ಕಳಿಲ್ಲದ ದುಃಖವನ್ನು ಮರಗಳಿಂದ ಮರೆತರು ಎಂಬ ಕಥೆ. ಕಥೆ ನಿಜ, ಕೇಳುಗರ ಹೃದಯವನ್ನು ಅದು ಕರಗಿಸುತ್ತದೆ. ಆದರೆ ಅಧ್ಯಾಪಕನಾಗುವವನು ಕರಗಿ ಅಲ್ಲಿಯೇ ನಿಲ್ಲಕೂಡದು. ಅವನು ಕೇಳಬೇಕಾದ ಪ್ರಶ್ನೆ ಬೇರೆ: ಆ ದಂಪತಿಗಳು ಮಾಡಿದ್ದು ಹೇಗೆ? ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಮೊದಲನೆಯ ವರ್ಷ ನೆಟ್ಟದ್ದು ಹತ್ತು ಸಸಿ. ಎರಡನೆಯ ವರ್ಷ ಹದಿನೈದು. ಮೂರನೆಯ ವರ್ಷ ಇಪ್ಪತ್ತು. ಸಸಿಗಳನ್ನು ಮಳೆಗಾಲದಲ್ಲಿಯೇ ಹೆಚ್ಚಾಗಿ ನೆಡುತ್ತಿದ್ದರು. ಬೇರು ಹಿಡಿಯುವ ಕಾಲದಲ್ಲಿ ಮಳೆಯ ನೀರು ದೊರೆಯಲಿ ಎಂಬುದು ಇದರ ಉದ್ದೇಶ. ಮಳೆ ಹಿಂದೆಗೆದ ಮೇಲೆ ಬಿಂದಿಗೆಗಳಲ್ಲಿ ನೀರು ಹೊತ್ತು ಕಿಲೋಮೀಟರುಗಟ್ಟಲೆ ನಡೆದರು. ದನಕರುಗಳು ಮೇಯದಂತೆ ಸುತ್ತಲೂ ಮುಳ್ಳುಬೇಲಿ ಕಟ್ಟಿದರು.

ಈ ನಾಲ್ಕು ಸಂಗತಿಗಳನ್ನು ಬಿಡಿಸಿ ನೋಡಿದರೆ ಶಿಕ್ಷಣಶಾಸ್ತ್ರದ ದಪ್ಪ ಗ್ರಂಥಗಳು ಹೇಳುವುದರಲ್ಲಿ ಬಹುಭಾಗ ಅಲ್ಲಿಯೇ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದ ಉತ್ಸಾಹಿ ಅಧ್ಯಾಪಕನು ಮೊದಲ ತಿಂಗಳಲ್ಲಿಯೇ ಇಡೀ ಶಾಲೆಯನ್ನು ಬದಲಾಯಿಸಹೊರಡುತ್ತಾನೆ. ಗೋಡೆಗೆ ಬಣ್ಣ, ಕೈತೋಟ, ನಾಟಕದ ಸಂಘ, ಗೋಡೆಪತ್ರಿಕೆ, ಸಂಜೆಯ ವಿಶೇಷ ತರಗತಿ ಎಲ್ಲವನ್ನೂ ಒಮ್ಮೆಗೇ ಆರಂಭಿಸುತ್ತಾನೆ. ದಸರೆಯ ರಜೆ ಮುಗಿದು ಬರುವಷ್ಟರಲ್ಲಿ ಕೈತೋಟ ಒಣಗಿರುತ್ತದೆ; ಗೋಡೆಪತ್ರಿಕೆಯ ಮೊದಲ ಸಂಚಿಕೆಯೇ ಕೊನೆಯದಾಗಿರುತ್ತದೆ; ಅದರ ಜತೆಗೆ ಅವನ ಮನಸ್ಸೂ ಬಾಡಿರುತ್ತದೆ. ಊರಿನವರು ಸಹಕರಿಸಲಿಲ್ಲ, ಮಕ್ಕಳಿಗೆ ಆಸಕ್ತಿಯಿಲ್ಲ, ಮೇಲಧಿಕಾರಿಗಳಿಗೆ ಬೇಕಿಲ್ಲ ಎಂಬ ಮಾತು ಆಗ ಹುಟ್ಟುತ್ತದೆ. ಮೊದಲ ವರ್ಷಕ್ಕೆ ಹತ್ತೇ ಸಸಿ ಸಾಕೆಂಬ ತಿಮ್ಮಕ್ಕನವರ ಲೆಕ್ಕವು ಅವನಿಗೆ ತಿಳಿದಿದ್ದರೆ ಹೀಗಾಗುತ್ತಿರಲಿಲ್ಲ. ಓದಲು ಬಾರದ ಹತ್ತು ಮಕ್ಕಳನ್ನು ಒಂದು ವರ್ಷದಲ್ಲಿ ಓದುವವರನ್ನಾಗಿ ಮಾಡಿದ ಅಧ್ಯಾಪಕನು ಸೋತವನಲ್ಲ; ಮರುವರ್ಷ ಹದಿನೈದಕ್ಕೆ ಕೈಹಾಕಲು ಅವನಿಗೆ ಬಲವಿರುತ್ತದೆ.

ಮುಳ್ಳುಬೇಲಿಯ ಪಾಠ ಇನ್ನೂ ಸೂಕ್ಷ್ಮವಾದುದು. ನೀರೆರೆಯುವುದು ಎಲ್ಲರಿಗೂ ಕಾಣುವ ಸೇವೆ. ಬೇಲಿ ಕಟ್ಟುವಾಗ ಕೈಗೆ ಮುಳ್ಳು ಚುಚ್ಚುತ್ತದೆ, ಹೊಗಳುವವರು ಇಲ್ಲ. ಮಗುವಿಗೆ ಪಾಠ ಹೇಳುವುದು ನೀರಿನಂತೆ. ತರಗತಿಯಲ್ಲಿ ಹಾಸ್ಯಕ್ಕೆ ಗುರಿಯಾಗದಂತೆ ಅದನ್ನು ಕಾಯುವುದು, ಹೊಲದ ಕೆಲಸಕ್ಕೆಂದು ಶಾಲೆ ಬಿಡಿಸಲು ಹೊರಟ ತಂದೆಯ ಮನೆಗೆ ಹೋಗಿ ಒಪ್ಪಿಸುವುದು, ಜಾತಿ ಹಿಡಿದು ಕರೆಯುವ ಬಾಯಿಗಳನ್ನು ತಡೆಯುವುದು ಇವು ಬೇಲಿ. ಎಷ್ಟೋ ಸಸಿಗಳು ನೀರಿಲ್ಲದೆ ಸಾಯುವುದಕ್ಕಿಂತ ಬೇಲಿಯಿಲ್ಲದೆ ಸಾಯುತ್ತವೆ. ಚಿಕ್ಕಯ್ಯನವರು ೧೯೯೧ರಲ್ಲಿಯೇ ತೀರಿಕೊಂಡರು. ರಾಷ್ಟ್ರಮಟ್ಟದ ಗೌರವಗಳು ಬಂದದ್ದು ಅದಾದ ಮೇಲೆ. ಪದ್ಮಶ್ರೀ ಪ್ರಶಸ್ತಿ ಬಂದದ್ದು ೨೦೧೯ರಲ್ಲಿ. ನೀರು ಹೊತ್ತ ಇಬ್ಬರಲ್ಲಿ ಒಬ್ಬರಿಗೆ ಆ ಗೌರವಗಳನ್ನು ಕಣ್ಣಾರೆ ಕಾಣುವ ಯೋಗವಿರಲಿಲ್ಲ. ಅಧ್ಯಾಪಕ ವೃತ್ತಿಯನ್ನು ಆರಿಸಿಕೊಳ್ಳುವವರು ಈ ಒಂದು ಸಂಗತಿಯನ್ನು ಮೊದಲೇ ಅರಿತಿದ್ದರೆ ಒಳ್ಳೆಯದು.

ಎರಡನೆಯ ಉದಾಹರಣೆಯೂ ಮಾಗಡಿ ತಾಲ್ಲೂಕಿನದೇ. ವೀರಾಪುರದ ಹೊನ್ನೇಗೌಡ, ಗಂಗಮ್ಮ ದಂಪತಿಗಳ ಮಗನಾಗಿ ೧೯೦೭ರ ಏಪ್ರಿಲ್ ೧ರಂದು ಜನಿಸಿದ ಶಿವಣ್ಣನೆಂಬ ಬಾಲಕನು ಮುಂದೆ ತುಮಕೂರಿನ ಸಿದ್ಧಗಂಗಾ ಕ್ಷೇತ್ರದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರೆಂದು ಲೋಕವಿಖ್ಯಾತನಾದನು. ನಾಗವಲ್ಲಿಯ ಗ್ರಾಮೀಣ ಶಾಲೆಯಲ್ಲಿ ಓದಿ, ೧೯೨೬ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದ ತರುಣನಿಗೆ ೧೯೩೦ರಲ್ಲಿ ಉದ್ದಾನ ಶಿವಯೋಗಿಗಳಿಂದ ಕರೆ ಬಂದಿತು. ಅದೇ ವರ್ಷ ದೀಕ್ಷೆಯಾಯಿತು. ೧೯೪೧ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಮಠದ ಸಮಸ್ತ ಹೊಣೆಯೂ ಹೆಗಲೇರಿತು. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಜಾತಿಮತಗಳ ಭೇದವೆಣಿಸದೆ ಸಾವಿರಾರು ಬಡ ಮಕ್ಕಳಿಗೆ ಅವರು ನಡೆಸಿಕೊಟ್ಟ ಸಂಗತಿಯನ್ನು ಇಲ್ಲಿ ವಿಸ್ತರಿಸಬೇಕಾದ ಅಗತ್ಯವಿಲ್ಲ.

ಗಮನಿಸಬೇಕಾದುದು ಆ ಕ್ಷೇತ್ರದ ಪ್ರಾರ್ಥನೆಯ ಕ್ರಮವನ್ನು. ಬೆಳಗ್ಗೆಯೂ ಸಂಜೆಯೂ ಮಕ್ಕಳು ಬಯಲಿನಲ್ಲಿ ಸಾಲುಸಾಲಾಗಿ ಕುಳಿತುಕೊಳ್ಳುತ್ತಾರೆ. ಪೂಜ್ಯರು ದಶಕಗಳ ಕಾಲ ಆ ಮಕ್ಕಳ ಎದುರಿಗೆ ಕುಳಿತು ಪ್ರಾರ್ಥನೆಯಲ್ಲಿ ಪಾಲ್ಗೊಂಡರು, ಅವರಿಗೆ ಹಿತವಚನಗಳನ್ನು ಹೇಳಿದರು. ಅವು ಕೇಳಿದವರನ್ನು ಬೆರಗುಗೊಳಿಸುವ ಹೊಸ ತತ್ತ್ವಗಳಲ್ಲ. ಶುಚಿಯಾಗಿರಬೇಕು, ಹೊತ್ತನ್ನು ಹಾಳುಮಾಡಬಾರದು, ದುಡಿದು ಉಣ್ಣಬೇಕು, ಹೆತ್ತವರನ್ನು ಮರೆಯಬಾರದು ಎಂಬಂತಹ, ಯಾವ ಮನೆಯ ಅಜ್ಜಿಯಾದರೂ ಹೇಳಬಹುದಾದ ಮಾತುಗಳು. ವರ್ಷಕ್ಕೊಮ್ಮೆ ಬಂದು ಹೋಗುವ ಭಾಷಣಕಾರರು ಇದನ್ನೇ ಹೇಳಿದ್ದರೆ ಮಕ್ಕಳು ಆಕಳಿಸುತ್ತಿದ್ದರು. ಇಲ್ಲಿ ಆಕಳಿಕೆ ಬರಲಿಲ್ಲ. ಹೊತ್ತನ್ನು ಹಾಳುಮಾಡಬೇಡಿರೆಂದು ಹೇಳುತ್ತಿದ್ದವರು ತಮಗಿಂತ ಮೊದಲೇ ಎದ್ದು ಪೂಜೆ ಮುಗಿಸಿ ಕುಳಿತಿರುವುದನ್ನು ಮಕ್ಕಳು ದಿನವೂ ಕಾಣುತ್ತಿದ್ದರು. ತಮ್ಮ ತಟ್ಟೆಗೆ ಬೀಳುವ ರಾಗಿ ಮುದ್ದೆಗಾಗಿ ಊರೂರು ತಿರುಗಿ ದವಸವನ್ನು ಕೂಡಿಸಿ ತರುವವರು ಯಾರೆಂಬುದು ಅವರಿಗೆ ತಿಳಿದಿತ್ತು.

ಹೀಗೆ ಮಾತಿನ ಬಲವು ಮಾತಿಗೆ ಮುಂಚಿನ ದಿನಗಳಲ್ಲಿ ಕೂಡಿಟ್ಟದ್ದು. ಭಾವೀ ಅಧ್ಯಾಪಕನು ಇದರಿಂದ ಕಲಿಯಬೇಕಾದ ಎರಡನೆಯ ಅಂಶವೂ ಇದೆ, ಅದು ನಿತ್ಯತೆ. ವರ್ಷಕ್ಕೊಮ್ಮೆ ಎರಡು ಗಂಟೆ ಮಾತನಾಡುವುದಕ್ಕಿಂತ ದಿನಕ್ಕೆರಡು ಮಾತನ್ನು ಮೂವತ್ತು ವರ್ಷ ತಪ್ಪದೆ ಆಡುವುದು ಕಷ್ಟವಾದ ಕೆಲಸ. ಅದರಲ್ಲಿ ಆಡುವವನಿಗೆ ಬೇಸರ ಬರುತ್ತದೆ. ಒಂದನೆಯ ತರಗತಿಗೆ ಅಆಇಈಯನ್ನು ಇಪ್ಪತ್ತೈದನೆಯ ವರ್ಷ ಕಲಿಸುವಾಗಲೂ ಅದನ್ನು ಮೊದಲ ಸಲ ಕೇಳುತ್ತಿರುವ ಮಗು ಎದುರಿಗೆ ಇದೆಯೆಂಬ ಎಚ್ಚರವನ್ನು ಕಾಪಾಡಿಕೊಳ್ಳುವುದು ಸಾಮಾನ್ಯ ತಪಸ್ಸಲ್ಲ.

೨೦೧೯ರ ಜನವರಿ ೨೧ರಂದು ಪೂಜ್ಯರು ಲಿಂಗೈಕ್ಯರಾದಾಗ ಆ ಸುದ್ದಿಯನ್ನು ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದವು ಮುಗಿದ ಮೇಲೆಯೇ ಪ್ರಕಟಿಸಲಾಯಿತು. ಅದು ಅವರ ಇಚ್ಛೆಯೇ ಆಗಿತ್ತೆಂದು ವೃತ್ತಪತ್ರಿಕೆಗಳು ಬರೆದವು. ಕರ್ನಾಟಕ ರತ್ನ, ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿಕೊಂಡು ಬಂದವು. ಆದರೆ ಶಿಕ್ಷಕರ ತರಬೇತಿ ಶಾಲೆಯಲ್ಲಿ ಮಕ್ಕಳ ಮೇಲಣ ಪ್ರೀತಿ ಎಂಬ ವಿಷಯವನ್ನು ಬೋಧಿಸುವವರಿಗೆ ಆ ಮಧ್ಯಾಹ್ನದ ಒಂದು ಘಟನೆ ಸಾಕು. ಹಸಿದ ಮಗುವಿಗೆ ಶೋಕವನ್ನೂ ಬಡಿಸಕೂಡದು ಎಂಬ ವಿವೇಕವನ್ನು ಯಾವ ಪಠ್ಯಕ್ರಮವೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಮೂರನೆಯವರು ರಾಮನಗರದಲ್ಲಿ ಜನಿಸಿದ ಜಿ. ಪಿ. ರಾಜರತ್ನಂ ಅವರು. ‘ರತ್ನನ ಪದಗಳು’ ಕವಿಯೆಂದು ನಾಡು ಅವರನ್ನು ಕೊಂಡಾಡುತ್ತದೆ. ಸಾಹಿತ್ಯ ಪರಿಚಾರಕನೆಂಬ ಹೆಸರನ್ನೇ ಅವರು ಮೆಚ್ಚಿಕೊಂಡಿದ್ದರು. ಕನ್ನಡದಲ್ಲಿ ಎಂ.ಎ. ಮಾಡಿದ ತರುಣನಿಗೆ ಆ ಕಾಲದಲ್ಲಿ ತಕ್ಕ ಹುದ್ದೆ ದೊರೆಯಲಿಲ್ಲ. ಕೆಲಕಾಲ ತಂದೆಯವರ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಪಾಠ ಹೇಳಬೇಕಾಯಿತು. ಬೇರೊಬ್ಬರಾಗಿದ್ದರೆ ಇದನ್ನು ವಿಧಿಯ ಅಣಕವೆಂದು ನೊಂದುಕೊಳ್ಳುತ್ತಿದ್ದರು. ರಾಜರತ್ನಂ ಅವರು ಆ ಮಕ್ಕಳ ನಾಲಗೆಗೆ ಹೊಂದುವ ಪದ್ಯಗಳು ಕನ್ನಡದಲ್ಲಿ ಸಾಕಷ್ಟು ಇಲ್ಲವೆಂಬುದನ್ನು ಕಂಡುಕೊಂಡು ತಾವೇ ಬರೆಯತೊಡಗಿದರು. ಅಲ್ಲಿಂದ ಹುಟ್ಟಿದ ‘ತುತ್ತೂರಿ’ಯ ಹಾಡುಗಳನ್ನು ಇಂದಿನ ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ರಾಗದಲ್ಲಿ ಹೇಳುತ್ತಾರೆ.

ಕಾಲೇಜಿನ ಅಧ್ಯಾಪಕರಾದ ಮೇಲೆಯೂ ಅವರು ಕನ್ನಡದ ವಿಷಯದಲ್ಲಿ ಎಷ್ಟೋ ಸಭೆಗಳಲ್ಲಿ ಮಾತನಾಡಿದರು, ೧೯೭೮ರಲ್ಲಿ ದೆಹಲಿಯಲ್ಲಿ ನಡೆದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೂ ಅಲಂಕರಿಸಿದರು, ಮರುವರ್ಷವೇ ತೀರಿಕೊಂಡರು. ಆದರೆ ಅವರ ಶಿಷ್ಯವರ್ಗ ನೆನೆಯುವುದು ಭಾಷಣಗಳಿಗಿಂತ ಹೆಚ್ಚಾಗಿ, ವಿದ್ಯಾರ್ಥಿಗಳಿಂದಲೇ ಬರೆಯಿಸಿ, ಓದಿಸಿ, ತಿದ್ದಿ, ಅಚ್ಚು ಹಾಕಿಸಿ, ಆ ಪುಸ್ತಕಗಳನ್ನು ಜನರ ಕೈಗೆ ಮುಟ್ಟಿಸಿದ ಪರಿಯನ್ನು. ಬರೆಯಿಸು, ಓದಿಸು, ಮುಟ್ಟಿಸು ಎಂದು ಮತ್ತೆ ಆ ‘ಇಸು’ ಪ್ರತ್ಯಯವೇ ಬಂದು ನಿಲ್ಲುತ್ತದೆ! ಕನ್ನಡವನ್ನು ಪ್ರೀತಿಸಿರೆಂದು ಹೇಳುವ ಭಾಷಣಗಳು ಬಹಳ. ಹದಿನೆಂಟು ವರ್ಷದ ಹುಡುಗನ ಹೆಸರನ್ನು ಅಚ್ಚಿನ ಪುಟದಲ್ಲಿ ಅವನಿಗೇ ತೋರಿಸಿದವರು ಕಡಿಮೆ. ಆ ಪುಟವನ್ನು ಕಂಡ ಹುಡುಗನು ಕನ್ನಡವನ್ನು ಮತ್ತೆ ಬಿಟ್ಟಾನೆಯೇ?

ರಾಜರತ್ನಂ ಅವರಿಂದ ದೊರೆಯುವ ಇನ್ನೊಂದು ಪಾಠವನ್ನು ಭಾಷಣಕಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಗುರಿಯನ್ನು ದೊಡ್ಡದಾಗಿ ಇಟ್ಟುಕೊಳ್ಳಿರೆಂದೇ ಎಲ್ಲರೂ ಬೋಧಿಸುತ್ತಾರೆ. ತಾನು ಬಯಸಿದ್ದಕ್ಕಿಂತ ಚಿಕ್ಕದಾದ ಹುದ್ದೆಯಲ್ಲಿ, ಬಯಸದ ಊರಿನಲ್ಲಿ, ಎಳೆಯ ಮಕ್ಕಳ ನಡುವೆ ಕುಳಿತಾಗ ಏನು ಮಾಡಬೇಕೆಂಬುದನ್ನು ಹೇಳುವವರು ಯಾರು? ಪದವಿಗಳನ್ನು ಪಡೆದು ಅತಿಥಿ ಶಿಕ್ಷಕರಾಗಿ ವರ್ಷಗಟ್ಟಲೆ ಕಾಯುತ್ತಿರುವ ಈಗಿನ ತರುಣರಿಗೆ ಬೇಕಾದ ಮಾತು ಅದೇ. ಅವರ ಅಲ್ಪವೇತನದ ಕಷ್ಟವನ್ನು ಪ್ರೇರಣೆಯ ಹೆಸರಿನಲ್ಲಿ ಮುಚ್ಚಿಹಾಕಬಾರದು. ಹೊಟ್ಟೆಯ ಪಾಡನ್ನು ಸರ್ಕಾರವೂ ಸಂಸ್ಥೆಗಳೂ ನೋಡಲೇಬೇಕು. ಆದರೆ ಎದುರಿಗಿರುವ ಮಗುವಿಗೆ ಅಧ್ಯಾಪಕನ ಹುದ್ದೆ ಖಾಯಮ್ಮೋ ಅಲ್ಲವೋ ತಿಳಿಯದು. ಅದಕ್ಕೆ ಒಂದನೆಯ ತರಗತಿ ಬರುವುದು ಜೀವನದಲ್ಲಿ ಒಂದೇ ಸಲ.

ಇಷ್ಟನ್ನು ಕೇಳಿದ ಮೇಲೂ ಕಾಲದ ವಿಚಾರ ಒಂದು ಉಳಿಯುತ್ತದೆ. ಪ್ರೇರಕ ಭಾಷಣಗಳಲ್ಲಿ ಕಾಲವು ಬಹಳ ಬೇಗ ಓಡುತ್ತದೆ. ಬಡ ಹುಡುಗನು ಒಂದೇ ವಾಕ್ಯದಲ್ಲಿ ವಿಜ್ಞಾನಿಯಾಗಿಬಿಡುತ್ತಾನೆ. ಈ ಭ್ರಮೆಯನ್ನು ಕಳೆದುಕೊಳ್ಳಬೇಕಾದರೆ ಚನ್ನಪಟ್ಟಣದ ಗೊಂಬೆ ಮಾಡುವವರ ಬಳಿಯಲ್ಲಿ ಒಂದು ದಿನ ಕುಳಿತುಕೊಳ್ಳಬೇಕು. ಹಾಲೆ ಮರದ ತುಂಡನ್ನು ಕಡಿದ ಒಡನೆ ಗೊಂಬೆ ಮಾಡುವುದಿಲ್ಲ; ಹಸಿ ಆರುವವರೆಗೆ ಒಣಗಲು ಬಿಡುತ್ತಾರೆ. ಬಳಿಕ ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ಕಡೆದು ಆಕಾರ ಕೊಡುತ್ತಾರೆ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಹಸಿ ಮರಕ್ಕೆ ಬಣ್ಣ ನಿಲ್ಲುವುದಿಲ್ಲ; ನಿಂತ ಮರಕ್ಕೆ ಅರಗು ಕರಗುವುದಿಲ್ಲ. ಭಾಷಣವು ಆ ಬಣ್ಣದ ಕಡ್ಡಿಯಂತೆ. ತರಬೇತಿಯಲ್ಲಿ ಪಾಠಟಿಪ್ಪಣಿ ಬರೆಯುತ್ತ, ಅಭ್ಯಾಸಪಾಠದಲ್ಲಿ ತಪ್ಪುತ್ತ, ತಿದ್ದಿಕೊಳ್ಳುತ್ತ ತಿರುಗುತ್ತಿರುವವನಿಗೆ ಅದು ಹಿಡಿಯುತ್ತದೆ. ಏನನ್ನೂ ಮಾಡದೆ ಕುಳಿತವನಿಗೆ ಎಷ್ಟು ಒತ್ತಿದರೂ ಗೀರು ಬೀಳುತ್ತದೆಯೇ ಹೊರತು ಬಣ್ಣ ಬರುವುದಿಲ್ಲ.

ಹಾಗೆಯೇ ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆ ತರುವ ರೈತನನ್ನು ಕೇಳಿದರೆ ಹುಳು ಸಾಕಣೆಯ ಮರ್ಮವನ್ನು ತಿಳಿಸುತ್ತಾನೆ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಪೊರೆ ಕಳಚುವ ಆ ಹೊತ್ತಿನಲ್ಲಿ ಅದು ತಲೆಯೆತ್ತಿ ಅಲುಗಾಡದೆ ಇರುತ್ತದೆ. ಆಗ ಎಷ್ಟು ಒಳ್ಳೆಯ ಸೊಪ್ಪು ಹಾಕಿದರೂ ತಿನ್ನದು. ಅನುಭವಿ ರೈತನು ಸೊಪ್ಪು ನಿಲ್ಲಿಸಿ ಕಾಯುತ್ತಾನೆ. ಸತ್ತ ಹುಳುವೆಂದು ಎಸೆಯುವುದಿಲ್ಲ, ತಿನ್ನಲಿಲ್ಲವೆಂದು ಕೋಪಿಸಿಕೊಳ್ಳುವುದೂ ಇಲ್ಲ.

ಈ ಮಾತು ಕನಕಪುರದ ಕಡೆಯ ಕಾಡಂಚಿನ ಊರುಗಳಲ್ಲಿ ಕೆಲಸ ಮಾಡಲಿರುವ ಅಧ್ಯಾಪಕರಿಗೆ ವಿಶೇಷವಾಗಿ ಬೇಕು. ಇರುಳಿಗರ ಹಾಡಿಯಿಂದ, ಲಂಬಾಣಿ ತಾಂಡ್ಯದಿಂದ ಬರುವ ಮಗುವಿಗೆ ಮನೆಯ ಮಾತೇ ಬೇರೆ, ಶಾಲೆಯ ಕನ್ನಡವೇ ಬೇರೆ. ಅದು ತಿಂಗಳುಗಟ್ಟಲೆ ಬಾಯಿ ಬಿಡದೆ ಮೂಲೆಯಲ್ಲಿ ಕುಳಿತಿರಬಹುದು. ವಿದ್ಯೆಯಿಂದ ಎಲ್ಲವೂ ಸಾಧ್ಯ ಎಂಬ ಭಾಷಣವನ್ನು ಕೇಳಿ ಬಂದ ಹೊಸ ಅಧ್ಯಾಪಕನು ಆ ಮೌನವನ್ನು ಮೂರು ತಿಂಗಳು ಸಹಿಸುತ್ತಾನೆ. ನಾಲ್ಕನೆಯ ತಿಂಗಳಲ್ಲಿ ಹಾಜರಿಪುಸ್ತಕದ ಆ ಹೆಸರಿನ ಮುಂದೆ ಮನಸ್ಸಿನಲ್ಲಿಯೇ ಒಂದು ಗೆರೆ ಎಳೆಯುತ್ತಾನೆ. ಮಗುವಿನ ಓದು ನಿಲ್ಲುವುದು ಅದು ಶಾಲೆ ಬಿಟ್ಟ ದಿನವಲ್ಲ, ಈ ಗೆರೆ ಬಿದ್ದ ದಿನ. ಭಾಷಣವು ಕೊಟ್ಟ ಉತ್ಸಾಹವು ನಿಜವಾದುದೇ ಎಂಬುದರ ಪರೀಕ್ಷೆ ನಡೆಯುವ ಸ್ಥಳವೂ ಇದೇ. ಆ ಮಗುವಿನ ಮನೆಮಾತಿನ ಹತ್ತು ಶಬ್ದಗಳನ್ನು ಅಧ್ಯಾಪಕನೇ ಕಲಿತು, ಅದರ ಬಾಯಿಂದ ಮೊದಲ ಕನ್ನಡದ ಮಾತನ್ನು ಹೊರಡಿಸುವುದಕ್ಕೆ ಒಂದು ವರ್ಷವೇ ಬೇಕಾದರೂ ಅದು ಹೆಚ್ಚಿನದಲ್ಲ. ಕನಕಪುರದಲ್ಲಿ ಎಸ್. ಕರಿಯಪ್ಪನವರು ಗಾಂಧೀಜಿಯವರ ಮಾರ್ಗದಿಂದ ಪ್ರೇರಿತರಾಗಿ ಹಳ್ಳಿಯ ಮಕ್ಕಳಿಗಾಗಿ ವಿದ್ಯಾಸಂಸ್ಥೆಯನ್ನು ಕಟ್ಟಿದ್ದು ಒಂದು ಸಂಜೆಯ ಆವೇಶದಿಂದಲ್ಲ.

ಪ್ರೇರಕ ಭಾಷಣವನ್ನು ಬಹಳ ಕೇಳಿದವರಿಗೆ ತಾವೂ ಹಾಗೆಯೇ ಮಾತನಾಡಬೇಕೆಂಬ ಚಪಲ ಹುಟ್ಟುವುದುಂಟು. ತರಗತಿಯಲ್ಲಿ ಗಣಿತವನ್ನು ಬದಿಗಿಟ್ಟು ಮಹಾಪುರುಷರ ಜೀವನಚರಿತ್ರೆಯನ್ನು ಹೇಳಿ ಗಂಟೆ ಕಳೆಯುವ ಅಧ್ಯಾಪಕರು ಇಲ್ಲದಿಲ್ಲ. ಮಕ್ಕಳಿಗೂ ಅದು ಇಷ್ಟ, ಲೆಕ್ಕ ತಪ್ಪುತ್ತದೆಯಲ್ಲ! ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದ ಮೊದಲ ಅಂಕದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡುತ್ತಾರೆ. ಆಗ ಪರಿವ್ರಾಜಿಕೆಯು ಹೇಳುವ ಅಭಿಪ್ರಾಯ ಅಧ್ಯಾಪಕರೆಲ್ಲರೂ ನೆನಪಿಡತಕ್ಕದ್ದು. ಕೆಲವರಲ್ಲಿ ವಿದ್ಯೆ ತಮ್ಮೊಳಗೆ ಚೆನ್ನಾಗಿ ನೆಲೆಸಿರುತ್ತದೆ. ಕೆಲವರಿಗೆ ಅದನ್ನು ಮತ್ತೊಬ್ಬರಿಗೆ ದಾಟಿಸುವ ಕುಶಲತೆ ಇರುತ್ತದೆ. ಎರಡೂ ಉಳ್ಳವನೇ ಬೋಧಕರಲ್ಲಿ ಅಗ್ರಗಣ್ಯನೆಂಬುದು ಅದರ ಸಾರ. ಅಲ್ಲಿ ಆಚಾರ್ಯರಿಬ್ಬರ ಯೋಗ್ಯತೆಯನ್ನು ಅವರ ವಾದದಿಂದ ನಿರ್ಣಯಿಸಲಿಲ್ಲ. ಶಿಷ್ಯೆಯನ್ನು ರಂಗಕ್ಕೆ ಕರೆತಂದು ಕುಣಿಸಿ ನೋಡಿದರು.

ಹೀಗಿರುವಾಗ ಭಾಷಣಕ್ಕೆ ಹೋಗುವ ಭಾವೀ ಅಧ್ಯಾಪಕನು ಜತೆಯಲ್ಲಿ ಒಂದು ಸಣ್ಣ ನೋಟುಪುಸ್ತಕವನ್ನು ಒಯ್ಯುವುದು ಒಳ್ಳೆಯ ಅಭ್ಯಾಸ. ಅದರಲ್ಲಿ ಚಂದದ ನುಡಿಗಳನ್ನು ಬರೆದುಕೊಳ್ಳುವ ಅವಶ್ಯಕತೆ ಇಲ್ಲ. ಅವು ಈಗ ಎಲ್ಲೆಡೆಯೂ ಸಿಗುತ್ತವೆ. ಮಾತನಾಡಿದವರು ತಮ್ಮ ಕೈಯಿಂದ ಮಾಡಿದ ಕೆಲಸ ಯಾವುದು, ಅದನ್ನು ಎಷ್ಟು ವರ್ಷ ಮಾಡಿದರು, ಮೊದಲ ವರ್ಷ ಎಷ್ಟರಿಂದ ತೊಡಗಿದರು ಎಂಬುದನ್ನು ಬರೆದುಕೊಳ್ಳಬೇಕು. ಅದರ ಕೆಳಗೆ ಬರುವ ಸೋಮವಾರ ತಾನು ಮಾಡಲಿರುವ ಒಂದು ಕೆಲಸವನ್ನು, ಸಾಧ್ಯವಾದರೆ ಒಂದು ಮಗುವಿನ ಹೆಸರಿನ ಸಮೇತ, ಬರೆದು ತಾರೀಖು ಹಾಕಬೇಕು. ಭಾಷಣಕಾರರು ತಾವು ಮಾಡಿದ ಕೆಲಸವನ್ನು ಹೇಳದೆ ಬರಿಯ ಹಿತವಚನವನ್ನೇ ಹೇಳಿದ್ದರೆ ಮೊದಲ ಭಾಗವನ್ನು ಖಾಲಿ ಬಿಡಬಹುದು. ಎರಡನೆಯ ಭಾಗವನ್ನು ಖಾಲಿ ಬಿಡುವಂತಿಲ್ಲ. ಒಂದು ತಿಂಗಳಾದ ಮೇಲೆ ಅದೇ ಪುಟವನ್ನು ತೆರೆದು, ಆ ಕೆಲಸ ನಡೆದಿದ್ದರೆ ನಡೆಯಿತೆಂದೂ ಇಲ್ಲವಾದರೆ ಇಲ್ಲವೆಂದೂ ಅಲ್ಲಿಯೇ ಗುರುತು ಹಾಕಿ, ಬಳಿಕ ಮುಂದಿನ ಸಭೆಗೆ ಹೋಗತಕ್ಕದ್ದು.